ತಿಮ್ಮಕ್ಕ

ತಿಮ್ಮಕ್ಕ ಎಂಬುದು ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲೂ ಅವಕ್ಕೆ ಹೊಂದಿಕೊಂಡ ಆಂಧ್ರದ ಗಡಿ ಹಳ್ಳಿಗಳಲ್ಲೂ ಬಹುಕಾಲದಿಂದ ಬಳಕೆಯಲ್ಲಿರುವ ಹೆಣ್ಣು ಹೆಸರು. ತಿಮ್ಮಮ್ಮ, ತಿಮ್ಮವ್ವ, ತಿಮ್ಮಿ, ತಿರುಮಲಮ್ಮ, ತಿರುಮಲಾಂಬಾ ಇವೆಲ್ಲ ಇದರ ಒಡಹುಟ್ಟುಗಳು. ತಿಮ್ಮಪ್ಪ, ತಿಮ್ಮಯ್ಯ, ತಿಮ್ಮಣ್ಣ, ತಿಮ್ಮೇಗೌಡ, ತಿಮ್ಮರಾಯಪ್ಪ ಇದರ ಗಂಡು ರೂಪಗಳು. ಅರ್ಥವೇನೆಂದು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ಹಳ್ಳಿಯವರು ‘ತಿರುಪತಿ ತಿಮ್ಮಪ್ಪನ ಹೆಸರು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಿಘಂಟು ತೆರೆದವರು ತಿಮ್ಮ ಎಂದರೆ ಕೋತಿ ಎಂದಿರುವುದನ್ನು ಕಂಡು ಗಲಿಬಿಲಿಗೊಳ್ಳುತ್ತಾರೆ. ಈ ಲೇಖನ ಹಳ್ಳಿಯವರ ಪಕ್ಷ ವಹಿಸುತ್ತದೆ, ಆದರೆ ಅವರ ಮಾತನ್ನು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಒಯ್ಯುತ್ತದೆ. ತಿಮ್ಮಕ್ಕ ಮೂಲದಲ್ಲಿ ಒಂದು ಬೆಟ್ಟದ ಹೆಸರು. ಬೆಟ್ಟದ ಹೆಸರು ಅಲ್ಲಿನ ದೇವರಿಗೆ ಬಂತು, ದೇವರ ಹೆಸರು ಮನೆಯ ಮಕ್ಕಳಿಗೆ ಬಂತು, ‘ಅಕ್ಕ’ ಎಂಬ ನಂಟಿನ ಮಾತು ಕೂಡಿ ಅದು ಹೆಣ್ಣುಮಗಳ ಹೆಸರಾಯಿತು. ಈ ಸೀಮೆಯ ಹಳೆಯ ಹೆಣ್ಣು ಹೆಸರುಗಳನ್ನು ಶಬ್ದಾರ್ಥದಿಂದ ಅಳೆಯಹೊರಟರೆ ಹೆಚ್ಚೇನೂ ಕೈಗೆ ಹತ್ತುವುದಿಲ್ಲ. ಯಾವ ಕ್ಷೇತ್ರ, ಯಾವ ಮನೆದೇವರು, ಕರೆಯುವವರು ಯಾರು ಎಂದು ಕೇಳಿದರೆ ಬಹುಪಾಲು ಬಿಡಿಸಿಕೊಳ್ಳುತ್ತವೆ. ತಿಮ್ಮಕ್ಕ ಅದಕ್ಕೆ ಅತ್ಯುತ್ತಮ ಸಾಕ್ಷಿ.

ಮೊದಲು ರೂಪದ ವಿಚಾರ. ತಿರುಮಲ ಎಂಬುದು ‘ತಿರು’ ಮತ್ತು ‘ಮಲೆ’ ಕೂಡಿ ಆದ ಹೆಸರು; ಪವಿತ್ರವಾದ ಬೆಟ್ಟ ಎಂದರ್ಥ. ನಡುವಿನ ಉಕಾರ ಆಡುಮಾತಿನಲ್ಲಿ ನಿಲ್ಲುವುದಿಲ್ಲ. ತಿರುಗು ಎಂಬುದು ಬಾಯಲ್ಲಿ ತಿರ್ಗು ಆಗುತ್ತದೆ, ತಿರುಮಕೂಡಲು ತಿರ್ಮಕೂಡ್ಲು ಆಗುತ್ತದೆ. ತಿರುಮಲ ಹೀಗೆ ತಿರ್ಮಲ ಆಯಿತೆಂದರೆ ಮುಂದಿನ ದಾರಿ ಕನ್ನಡ ವ್ಯಾಕರಣ ಓದಿದವರಿಗೆಲ್ಲ ಗೊತ್ತಿರುವುದೇ. ಹಳಗನ್ನಡ ನಡುಗನ್ನಡವಾಗುವಾಗ ವ್ಯಂಜನಕ್ಕೆ ಮುಂಚೆ ಬರುವ ರಕಾರ ಬಿದ್ದುಹೋಗಿ ಆ ವ್ಯಂಜನವೇ ಇಮ್ಮಡಿಯಾಯಿತು. ಕರ್ಪು ಕಪ್ಪಾಯಿತು, ಇರ್ದು ಇದ್ದು ಆಯಿತು. ಮಕಾರ ಬಂದಾಗಲೂ ಅದೇ ಕಥೆ: ಪೆರ್ಮೆ ಹೆಮ್ಮೆಯಾಯಿತು, ಒರ್ಮೆ ಒಮ್ಮೆಯಾಯಿತು. ಆ ಲೆಕ್ಕದಲ್ಲಿ ತಿರ್ಮಲ ತಿಮ್ಮಲ ಆಗಲೇಬೇಕು. ಇದು ಬರಿಯ ಊಹೆಯ ರೂಪವೂ ಅಲ್ಲ. ಮಧುಗಿರಿ–ಕೊರಟಗೆರೆ ಕಡೆಯ ಕರಡಿಗಳ ಕಾಡಿಗೆ ಹೆಸರು ಕೊಟ್ಟಿರುವ ತಿಮ್ಮಲಾಪುರವಿದೆ, ಹಂಪಿಯ ಬಳಿ ಇನ್ನೊಂದು ತಿಮ್ಮಲಾಪುರವಿದೆ. ತಿರುಮಲಾಪುರದಿಂದ ಆದ ಈ ಊರ ಹೆಸರುಗಳಲ್ಲಿ ಲಕಾರ ಇನ್ನೂ ಉದುರದೆ ಕುಳಿತಿದೆ. ಮನುಷ್ಯರ ಹೆಸರಿನಲ್ಲಿ ಅದು ಉದುರಿತು, ಏಕೆಂದರೆ ಮನುಷ್ಯರನ್ನು ದಿನಕ್ಕೆ ಹತ್ತು ಸಲ ಕೂಗಬೇಕು. ಸುಬ್ರಹ್ಮಣ್ಯ ಸುಬ್ಬನಾಗಿ, ಕೃಷ್ಣ ಕಿಟ್ಟನಾಗಿ, ಬ್ರಹ್ಮ ಬೊಮ್ಮನಾಗಿ, ಲಕ್ಷ್ಮಣ ಲಕ್ಕನಾಗಿ ನಿಂತದ್ದು ಇದೇ ಎರಡಕ್ಷರದ, ನಡುವೆ ಒತ್ತುಳ್ಳ ಅಚ್ಚಿಗೆ. ತಿಮ್ಮಲ ಆ ಅಚ್ಚಿಗೆ ಬಿದ್ದು ತಿಮ್ಮ ಆಯಿತು.

ರಕಾರ ಬೀಳುವ ಈ ನಿಯಮ ಕನ್ನಡದ್ದು, ತೆಲುಗಿನಲ್ಲೂ ತಿಮ್ಮಕ್ಕ, ತಿಮ್ಮರಾಜು ಇದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ವಿಜಯನಗರದ ಕಾಲದಲ್ಲಿ ಎರಡೂ ಭಾಷೆಗಳ ಜನ ಒಂದೇ ಸೈನ್ಯದಲ್ಲಿ, ಒಂದೇ ಆಸ್ಥಾನದಲ್ಲಿ, ಒಂದೇ ಜಾತ್ರೆಯಲ್ಲಿ ಬೆರೆತಿದ್ದರು. ಹೆಸರುಗಳಿಗೆ ಭಾಷೆಯ ಗಡಿ ಇರಲಿಲ್ಲ. ಮೇಲಾಗಿ ಈ ಪ್ರಶ್ನೆಗೆ ತೆಲುಗೇ ಒಂದು ಗಟ್ಟಿ ಸಾಕ್ಷ್ಯ ಒದಗಿಸುತ್ತದೆ. ಅನ್ನಮಾಚಾರ್ಯರ (1408–1503) ಹೆಂಡತಿ, ‘ಸುಭದ್ರಾ ಕಲ್ಯಾಣಮು’ ಬರೆದ ಕವಯಿತ್ರಿ, ತೆಲುಗಿನ ಮೊದಲ ಮಹಿಳಾ ಕವಿ ಎನಿಸಿದವಳು ತಾಳ್ಳಪಾಕ ತಿಮ್ಮಕ್ಕ. ಆಕೆಯ ಇನ್ನೊಂದು ಹೆಸರು ತಿರುಮಲಮ್ಮ. ಒಬ್ಬಳೇ ಹೆಂಗಸು, ಆಡುಮಾತಿನಲ್ಲಿ ತಿಮ್ಮಕ್ಕ, ಗೌರವದ ರೂಪದಲ್ಲಿ ತಿರುಮಲಮ್ಮ. ತಿಮ್ಮ ಮತ್ತು ತಿರುಮಲ ಒಂದೇ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಆಧಾರ ಸಿಗುವುದು ಕಷ್ಟ. ಅದೂ ಆಕೆಯ ಮನೆತನ ತಿರುಮಲೆಯ ದೇವರ ಸಂಕೀರ್ತನೆಗೇ ಮುಡಿಪಾಗಿದ್ದ ಮನೆತನ; ಆ ಮನೆಯಲ್ಲಿ ಈ ಹೆಸರನ್ನು ಬೇರೆ ಅರ್ಥದಲ್ಲಿ ಯಾರೂ ಕೇಳಿಸಿಕೊಂಡಿರಲಾರರು. ಸಂಸ್ಕೃತದ ಕಡೆ ಹೋದರೆ ಅದೇ ಹೆಸರು ತಿರುಮಲಾಂಬಾ ಆಗುತ್ತದೆ: ಅಚ್ಯುತದೇವರಾಯನ ಆಸ್ಥಾನದಲ್ಲಿ ‘ವರದಾಂಬಿಕಾ ಪರಿಣಯ ಚಂಪು’ ಬರೆದವಳು ಒಬ್ಬ ತಿರುಮಲಾಂಬಾ. ಹೊಸಗನ್ನಡಕ್ಕೆ ಬಂದರೆ ‘ಸತಿಹಿತೈಷಿಣೀ’ ಗ್ರಂಥಮಾಲೆ ನಡೆಸಿದ, ‘ಕರ್ನಾಟಕ ನಂದಿನಿ’ ಪತ್ರಿಕೆಯ ಸಂಪಾದಕಿಯಾಗಿದ್ದ ನಂಜನಗೂಡು ತಿರುಮಲಾಂಬಾ (1887–1982) ಇನ್ನೊಬ್ಬರು. ಹೊಲದಲ್ಲಿ ಕಳೆ ಕೀಳುವ ತಿಮ್ಮಕ್ಕನಿಗೂ ಕಾದಂಬರಿ ಬರೆದ ತಿರುಮಲಾಂಬಾ ಅವರಿಗೂ ಇರುವುದು ಒಂದೇ ಹೆಸರು.

ಇದಕ್ಕೆ ಸರಿಸಾಟಿಯಾದ ಇನ್ನೊಂದು ಉದಾಹರಣೆ ಇದೇ ಸೀಮೆಯಲ್ಲಿದೆ. ಓಬಮ್ಮ, ಓಬಕ್ಕ, ಓಬವ್ವ ಎಂಬ ಹೆಸರುಗಳು ಮಧುಗಿರಿಯಿಂದ ಚಿತ್ರದುರ್ಗದವರೆಗೆ ಹಬ್ಬಿವೆ. ಒನಕೆ ಓಬವ್ವನಿಂದಾಗಿ ನಾಡಿಗೆಲ್ಲ ಪರಿಚಿತವಾಗಿವೆ. ಓಬ ಎಂದರೇನು ಎಂದು ಕನ್ನಡ ಪದಗಳಲ್ಲಿ ಹುಡುಕಿದರೆ ಏನೂ ಹೊಳೆಯುವುದಿಲ್ಲ. ಅದು ಅಹೋಬಲ, ನಲ್ಲಮಲೆಯ ಕಾಡಿನ ನರಸಿಂಹ ಕ್ಷೇತ್ರ. ಅಹೋಬಲ ಓಬಳವಾಗಿ, ಓಬಳ ಓಬನಾಗಿ, ಅದಕ್ಕೆ ಅಮ್ಮ, ಅಕ್ಕ, ಅವ್ವ ಸೇರಿತು. ಓಬಳಾಪುರ ಎಂಬ ಊರುಗಳು ನಡುವಿನ ಮೆಟ್ಟಿಲನ್ನು ಹಾಗೆಯೇ ಉಳಿಸಿಕೊಂಡಿರುವುದೂ ತಿಮ್ಮಲಾಪುರದಂತೆಯೇ. ಕದಿರಿಯ ನರಸಿಂಹನಿಂದ ಕದಿರಪ್ಪ, ಕದಿರಮ್ಮ ಬಂದರು. ಕದಿರಿ ಪಾವಗಡಕ್ಕೆ ದೂರದ ಊರಲ್ಲ. ಹೀಗೆ ತಿರುಮಲ, ಅಹೋಬಲ, ಕದಿರಿ ಮೂರೂ ಕ್ಷೇತ್ರದ ಹೆಸರುಗಳು, ಮೂರೂ ಪೂರ್ವದ ಕಡೆಯ ಯಾತ್ರಾಸ್ಥಳಗಳು, ಮೂರೂ ಕನ್ನಡ ಹೆಂಗಸರ ಹೆಸರಾಗಿವೆ. ಒಂದೇ ಒಂದು ಉದಾಹರಣೆಯಾಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು.

ಈಗ ಕೋತಿಯ ಆಕ್ಷೇಪ. ಕನ್ನಡದಲ್ಲೂ ತೆಲುಗಿನಲ್ಲೂ ತಿಮ್ಮ ಎಂಬ ಮಾತಿಗೆ ಕೋತಿ ಎಂಬ ಅರ್ಥವಿರುವುದು ನಿಜ. ಆದ್ದರಿಂದ ತಿಮ್ಮಕ್ಕ ಎಂಬುದು ಮೂಲತಃ ಹನುಮಕ್ಕ ಎಂಬುದರ ಇನ್ನೊಂದು ರೂಪವಿರಬೇಕು, ತಿರುಪತಿಯ ನಂಟು ಆಮೇಲೆ ಅಂಟಿಸಿದ್ದಿರಬೇಕು ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿಯ ಆಂಜನೇಯನಿಗೆ ಈ ಭಾಗದಲ್ಲಿ ಅಪಾರ ಒಕ್ಕಲಿದೆ, ದನಗಳ ಜಾತ್ರೆಯ ನೆಪದಲ್ಲಿ ಸುತ್ತಲ ತಾಲ್ಲೂಕುಗಳೆಲ್ಲ ಅಲ್ಲಿ ಸೇರುತ್ತವೆ. ಆದರೆ ಅದೇ ಈ ವಾದಕ್ಕೆ ಮುಳುವು. ಹನುಮನ ಹೆಸರಿಡಬೇಕೆಂದವರು ಹನುಮಕ್ಕ, ಹನುಮಮ್ಮ, ಆಂಜಿನಮ್ಮ ಎಂದು ನೇರವಾಗಿಯೇ ಇಟ್ಟರು. ಸುತ್ತು ಬಳಸಿ ಕೋತಿ ಎಂದು ಕರೆಯುವ ಅಗತ್ಯ ಯಾರಿಗಿತ್ತು? ಒಂದೇ ಮನೆಯಲ್ಲಿ ಹನುಮಕ್ಕ ಮತ್ತು ತಿಮ್ಮಕ್ಕ ಅಕ್ಕತಂಗಿಯರಾಗಿರುವುದು ವಾಡಿಕೆ, ಅಂದರೆ ಹೆಸರಿಟ್ಟವರಿಗೆ ಅವು ಎರಡು ದೇವರ ಹೆಸರುಗಳೇ. ಅರ್ಥ ಹರಿದ ದಿಕ್ಕು ತಿರುಗಾಮುರುಗಾ ಆಗಿದೆ ಎಂದು ತೋರುತ್ತದೆ. ಕೋಲೆ ಬಸವನವರು ಹೋರಿಗೆ ರಾಮ ಎಂದೂ ಹಸುವಿಗೆ ಸೀತೆ ಎಂದೂ ಹೆಸರಿಡುತ್ತಾರೆ, ಗಿಳಿ ಸಾಕಿದವರು ಗಿಳಿಯನ್ನು ರಾಮ ಎನ್ನುತ್ತಾರೆ. ಕೋತಿ ಆಡಿಸುವವರು ಕೋತಿಗೆ ತಿಮ್ಮ ಎಂದರು. ಬೀದಿಯಲ್ಲಿ ಸದಾ ಕೇಳಿಬರುವ ಮನುಷ್ಯರ ಹೆಸರು ಪ್ರಾಣಿಗೆ ಹೋಗಿ, ಕಡೆಗೆ ಪ್ರಾಣಿಯದೇ ಪದವಾಗಿ ನಿಘಂಟು ಸೇರಿತು.

ಹೆಸರು ತೀರ ಸಾಮಾನ್ಯವಾದಾಗ ಅದಕ್ಕೆ ಹೀಗೆ ಗೌರವ ಕುಗ್ಗುವುದುಂಟು. ವಿಜಯನಗರದ ಕಾಲದಲ್ಲಿ ತಿಮ್ಮ ಎಂದರೆ ನಗುವ ಹೆಸರಾಗಿರಲಿಲ್ಲ. ಕೃಷ್ಣದೇವರಾಯನ ಮಹಾಮಂತ್ರಿ ಸಾಳುವ ತಿಮ್ಮರಸು. ಕುಮಾರವ್ಯಾಸ ಬಿಟ್ಟ ಭಾರತದ ಉಳಿದ ಪರ್ವಗಳನ್ನು ರಾಯನ ಹೆಸರಿನಲ್ಲಿ ಪೂರೈಸಿದ ಕವಿ ತಿಮ್ಮಣ್ಣ. ಚಿತ್ರದುರ್ಗದ ಪಾಳೆಯಗಾರರ ಮೂಲಪುರುಷ ಮತ್ತಿ ತಿಮ್ಮಣ್ಣ ನಾಯಕ. ಮಧುಗಿರಿಯನ್ನು 1678ರಲ್ಲಿ ಮೈಸೂರಿನವರು ಗೆದ್ದಾಗ ಸೆರೆ ಸಿಕ್ಕ ಪಾಳೆಯಗಾರರು ರಾಮಪ್ಪ ಗೌಡ ಮತ್ತು ತಿಮ್ಮಪ್ಪ ಗೌಡ. ಮಂತ್ರಿ, ಕವಿ, ಪಾಳೆಯಗಾರ ಇವರೆಲ್ಲ ಕೋತಿ ಎಂಬ ಅರ್ಥದ ಹೆಸರನ್ನು ಹೊತ್ತು ಶಾಸನ ಹಾಕಿಸುತ್ತಿದ್ದರೆಂದು ನಂಬುವುದು ಕಷ್ಟ. ಇಪ್ಪತ್ತನೆಯ ಶತಮಾನಕ್ಕೆ ಬರುವ ಹೊತ್ತಿಗೆ ತಿಮ್ಮ ಊರಿನ ಮುಗ್ಧನ, ಪೆದ್ದನ ಹೆಸರಾಗಿದ್ದ. 1943ರಲ್ಲಿ ಬಂದ ಡಿ.ವಿ.ಜಿ.ಯವರ ಕಗ್ಗದ ಮಂಕುತಿಮ್ಮ, ಬೀಚಿಯವರ ನಗೆಬರಹಗಳ ತಿಮ್ಮ ಈ ಇಳಿಕೆಯ ಫಲ. ಇಬ್ಬರು ಲೇಖಕರೂ ಆ ಪೆದ್ದನ ಬಾಯಲ್ಲೇ ಜಾಣ ಮಾತು ಆಡಿಸಿ ಸಾಲ ತೀರಿಸಿದರೆನ್ನಬಹುದು. ಗಮನಿಸಬೇಕಾದದ್ದು, ಈ ನಗೆ ಗಂಡು ರೂಪಕ್ಕೆ ಹತ್ತಿದಷ್ಟು ಹೆಣ್ಣು ರೂಪಕ್ಕೆ ಹತ್ತಲಿಲ್ಲ. ಮಂಕುತಿಮ್ಮನಿದ್ದಾನೆ, ಮಂಕುತಿಮ್ಮಕ್ಕ ಇಲ್ಲ. ‘ಅಕ್ಕ’ ಅದನ್ನು ತಡೆಯಿತೇ ಎಂಬ ಪ್ರಶ್ನೆಗೆ ಮುಂದೆ ಬರೋಣ.

ಕಾಲದ ಲೆಕ್ಕವೂ ತಿರುಮಲೆಯ ಮೂಲಕ್ಕೇ ಒಗ್ಗುತ್ತದೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಸತ್ಯಕ್ಕ, ಮುಕ್ತಾಯಕ್ಕ, ಲಿಂಗಮ್ಮ, ಆಯ್ದಕ್ಕಿ ಲಕ್ಕಮ್ಮ ಇದ್ದಾರೆ. ಹೆಸರಾಂತ ತಿಮ್ಮಕ್ಕ ಇಲ್ಲ. ಶಿವಭಕ್ತರ ನಡುವೆ ತಿರುಮಲೆಯ ಹೆಸರು ಹೇಗೆ ಬರಬೇಕು ಎನ್ನುವಿರಾದರೆ, ಅದಕ್ಕೂ ಹಿಂದಿನ ಜೈನ ಹೆಂಗಸರಲ್ಲೂ ಅತ್ತಿಮಬ್ಬೆ, ಜಕ್ಕಿಯಬ್ಬೆಯಂಥ ಹೆಸರುಗಳೇ ಮುಂದಾಗಿವೆ. ತಿಮ್ಮ ಎಂಬ ಹೆಸರು ಎದ್ದು ಕಾಣುವುದು ಹದಿನೈದು, ಹದಿನಾರನೆಯ ಶತಮಾನಗಳಲ್ಲಿ. ತಿರುಮಲೆ ಸಾಮ್ರಾಜ್ಯದ ಕ್ಷೇತ್ರವಾಗಿ ಬೆಳೆದದ್ದೂ ಆಗಲೇ: ಸಾಳುವರ ನೆಲೆ ಚಂದ್ರಗಿರಿ ತಿರುಪತಿಯ ಮಗ್ಗುಲಲ್ಲಿತ್ತು, ಕೃಷ್ಣದೇವರಾಯ 1513ರಿಂದ ಆರಂಭಿಸಿ ಏಳು ಸಲ ಬೆಟ್ಟ ಹತ್ತಿದ, ಅವನ ಪಟ್ಟದರಸಿಯ ಹೆಸರೇ ತಿರುಮಲಾದೇವಿ. ಕ್ಷೇತ್ರ ಬೆಳೆದಂತೆ ಹೆಸರು ಬೆಳೆಯಿತು ಎಂಬ ವಿವರಣೆಗೆ ಇದು ಹೊಂದುತ್ತದೆ. ಕೋತಿ ಎಂಬ ಪದದಿಂದ ಹೆಸರು ಹುಟ್ಟಿದ್ದರೆ ಅದಕ್ಕೆ ವಿಜಯನಗರದವರೆಗೆ ಕಾಯುವ ಕಾರಣವಿರಲಿಲ್ಲ.

ಅರಸರ ಭಕ್ತಿ ಆಸ್ಥಾನದ ಹೆಸರುಗಳನ್ನು ವಿವರಿಸೀತು. ಪಾವಗಡದ ಕಲ್ಲುಹೊಲದ ಅಂಚಿನ ಗುಡಿಸಿಲಿಗೆ ಈ ಹೆಸರು ಮುಟ್ಟಿದ್ದು ಬೇರೆ ಹಾದಿಯಿಂದ, ಹರಕೆಯಿಂದ. ಈ ನಾಲ್ಕು ತಾಲ್ಲೂಕುಗಳಲ್ಲಿ ಅನೇಕ ಜಾತಿಗಳಲ್ಲಿ ‘ತಿಮ್ಮಪ್ಪನ ಒಕ್ಕಲು’ ಎನಿಸಿಕೊಂಡ ಮನೆಗಳಿವೆ. ಮಗುವಾಗದಿದ್ದರೆ, ಆದ ಮಗು ಉಳಿಯದಿದ್ದರೆ, ದನಕ್ಕೆ ರೋಗ ಬಂದರೆ ಅರಿಶಿನದ ಬಟ್ಟೆಯಲ್ಲಿ ಕಾಸು ಗಂಟು ಕಟ್ಟಿ ದೇವರ ಗೂಡಿನಲ್ಲಿಡುತ್ತಾರೆ, ಅದೇ ಮುಡಿಪು. ಅದನ್ನು ಮನೆಯವರು ಎಂಥ ಕಷ್ಟದಲ್ಲೂ ಬಿಚ್ಚುವಂತಿಲ್ಲ, ಬೆಟ್ಟದ ಹುಂಡಿಗೇ ಹೋಗಬೇಕು. ಶ್ರಾವಣ ಶನಿವಾರಗಳಲ್ಲಿ ಅನುಕೂಲಸ್ಥರ ಮಕ್ಕಳೂ ನಾಮ ಹಾಕಿಕೊಂಡು ಚೊಂಬು ಹಿಡಿದು ‘ವೆಂಕಟರಮಣ ಗೋವಿಂದ’ ಎಂದು ನಾಲ್ಕು ಮನೆ ಬೇಡಿ ಬರುತ್ತಾರೆ. ದಾಸಪ್ಪಗಳು ಶಂಖ, ಜಾಗಟೆ, ಗರುಡಗಂಬ, ಬವನಾಸಿ ಹಿಡಿದು ಬರುತ್ತಾರೆ. ಹರಿಸೇವೆಯ ದಿನ ಮಣೇವು ಹಾಕುತ್ತಾರೆ, ಅಂದರೆ ಕಂಬಳಿಯ ಮೇಲಿಟ್ಟ ಹಣ್ಣು ಹಾಲಿನ ಪ್ರಸಾದವನ್ನು ಕೈ ಮುಟ್ಟಿಸದೆ ಬಾಯಲ್ಲೇ ಎತ್ತಿಕೊಳ್ಳುತ್ತಾರೆ. ಇಷ್ಟೆಲ್ಲ ನಡೆಯಲು ಬೆಟ್ಟಕ್ಕೆ ಹೋಗಲೇಬೇಕೆಂದಿಲ್ಲ. ಮಧುಗಿರಿ ಪೇಟೆಯಲ್ಲೇ ಮಲ್ಲೇಶ್ವರನ ಜೊತೆಗೆ ವೆಂಕಟರಮಣನ ದೊಡ್ಡ ಗುಡಿಯಿದೆ. ಹರಕೆ ಫಲಿಸಿ ಹುಟ್ಟಿದ ಕೂಸು ಗಂಡಾದರೆ ತಿಮ್ಮಪ್ಪ, ಹೆಣ್ಣಾದರೆ ತಿಮ್ಮಕ್ಕ. ಹೆಸರು ಇಲ್ಲಿ ಹರಕೆ ಸಂದಾಯವಾದದ್ದರ ರಶೀತಿ.

ಗಂಡು ದೇವರ ಹೆಸರು ಹೆಣ್ಣಿಗೇಕೆ ಎಂದು ಕೇಳುವವರು ಸಾಮಾನ್ಯವಾಗಿ ಒಂದು ಉತ್ತರವನ್ನೂ ಜೊತೆಗೇ ತರುತ್ತಾರೆ: ತಿಮ್ಮಕ್ಕ ಎಂದರೆ ತಿಮ್ಮಪ್ಪನ ಹೆಂಡತಿ, ಪದ್ಮಾವತಿ ಅಥವಾ ಅಲಮೇಲು ಮಂಗೆ ಎಂದು. ಕೇಳಲು ಹಿತವಾಗಿದೆ, ಆದರೆ ನಿಲ್ಲುವುದಿಲ್ಲ. ಆ ತಾಯಿಯ ಹೆಸರನ್ನೇ ಇಡಬೇಕೆಂದವರಿಗೆ ಅಲಮೇಲಮ್ಮ, ಮಂಗಮ್ಮ, ಪದ್ಮಮ್ಮ ಎಂಬ ಹೆಸರುಗಳು ತಯಾರಾಗಿದ್ದವು, ಇಟ್ಟೂ ಇದ್ದಾರೆ. ಹನುಮಂತನಂತೂ ಬ್ರಹ್ಮಚಾರಿ, ಹನುಮಕ್ಕ ಯಾರ ಹೆಂಡತಿ? ನರಸಮ್ಮ, ರಂಗಮ್ಮ, ಭೈರಮ್ಮ, ಮುನಿಯಮ್ಮ ಎಲ್ಲರೂ ಇದೇ ಸಾಲಿನವರು. ಇಲ್ಲಿ ಹೆಣ್ಣು ದೇವರ ಹೆಂಡತಿಯೂ ಅಲ್ಲ, ರೂಪವೂ ಅಲ್ಲ. ಆ ದೇವರ ಒಕ್ಕಲಿನವಳು, ಅವನ ಕಾಪಿನಲ್ಲಿ ಹುಟ್ಟಿದವಳು. ಇದು ನಮ್ಮ ಹಳ್ಳಿಗಾಡಿನ ವಿಚಿತ್ರವೆಂದು ಭಾವಿಸುವುದೂ ಬೇಡ. ಹಳೆಯ ಗ್ರೀಕರು ಅಪೊಲೊ ದೇವರ ಹೆಸರಿನಿಂದ ಅಪೊಲೋನಿಯಾ ಎಂದೂ ಡಯೊನೈಸಸ್ ಹೆಸರಿನಿಂದ ಡಯೊನಿಸಿಯಾ ಎಂದೂ ಹೆಣ್ಣುಮಕ್ಕಳಿಗೆ ಹೆಸರಿಟ್ಟರು. ಇನ್ನೂ ಹತ್ತಿರದ ಹೋಲಿಕೆ ಸಿಂಥಿಯಾ. ಏಜಿಯನ್ ಕಡಲಿನ ಡೀಲೋಸ್ ದ್ವೀಪದಲ್ಲಿ ಕಿಂಥೋಸ್ ಎಂಬ ಬೆಟ್ಟವಿದೆ. ಎತ್ತರ ಸುಮಾರು 112 ಮೀಟರ್, ಮಧುಗಿರಿಯ ಏಕಶಿಲೆ ಕಂಡವರು ಅದನ್ನು ಗುಡ್ಡ ಎಂದಾರು. ಅಪೊಲೊ ಮತ್ತು ಆರ್ಟೆಮಿಸ್ ಹುಟ್ಟಿದ್ದು ಆ ದ್ವೀಪದಲ್ಲಿ ಎಂಬ ಪುರಾಣದಿಂದ ಆರ್ಟೆಮಿಸ್ ದೇವಿಗೆ ‘ಕಿಂಥೋಸ್ ಬೆಟ್ಟದವಳು’ ಎಂಬ ಹೆಸರು ಬಂತು, ಆ ಬಿರುದೇ ಮುಂದೆ ಹೆಂಗಸರ ಹೆಸರಾಯಿತು. ಬೆಟ್ಟದಿಂದ ದೇವರಿಗೆ, ದೇವರಿಂದ ಹೆಣ್ಣಿಗೆ ಇಳಿದ ಈ ಹಾದಿ ತಿಮ್ಮಕ್ಕನ ಹಾದಿಯೇ. ಬೇರೆಯಾದದ್ದು ಸಾಗಿಸಿದ ಕೈ. ಸಿಂಥಿಯಾ ಎಂಬ ಹೆಸರನ್ನು ಹೊತ್ತು ನಡೆದವರು ಕವಿಗಳು: ರೋಮಿನ ಪ್ರೊಪರ್ಷಿಯಸ್ ತನ್ನ ಪ್ರೇಯಸಿಗೆ ಅದನ್ನು ಇಟ್ಟ, ಇಂಗ್ಲಿಷ್ ಕವಿಗಳು ಒಂದನೆಯ ಎಲಿಜಬೆತ್ ರಾಣಿಯನ್ನು ಅದರಿಂದ ಹೊಗಳಿದರು, ಕ್ರೈಸ್ತ ಕುಟುಂಬಗಳ ಮೂಲಕ ಅದು ಮಂಗಳೂರು, ಬೆಂಗಳೂರಿಗೂ ಬಂತು. ಅಷ್ಟರಲ್ಲಿ ಬೆಟ್ಟ ಮರೆತುಹೋಗಿತ್ತು. ತಿಮ್ಮಕ್ಕನನ್ನು ಹೊತ್ತವರು ಹರಕೆಯವರು, ಬೆಟ್ಟ ಹತ್ತಿ ಮುಡಿ ಕೊಟ್ಟು ಬಂದವರು. ಆದ್ದರಿಂದ ಇಲ್ಲಿ ಹೆಸರಿನ ಧ್ವನಿ ಎಷ್ಟೇ ಸವೆದರೂ ಬೆಟ್ಟದ ನೆನಪು ಸವೆಯಲಿಲ್ಲ.

ಗ್ರೀಕಿನಲ್ಲಿ ಗಂಡು ಹೆಸರನ್ನು ಹೆಣ್ಣಾಗಿಸುವುದು ಒಂದು ಪ್ರತ್ಯಯ. ಕನ್ನಡದಲ್ಲಿ ಅದಕ್ಕೆ ಎರಡು ದಾರಿಗಳಿದ್ದವು, ಎರಡಕ್ಕೂ ಬೇರೆ ಬೇರೆ ಬೆಲೆಯಿತ್ತು. ಇಕಾರ ಹಚ್ಚಿದರೆ ತಿಮ್ಮಿ, ರಂಗಿ, ಕೆಂಚಿ. ನಂಟಿನ ಮಾತು ಹಚ್ಚಿದರೆ ತಿಮ್ಮಕ್ಕ, ರಂಗಮ್ಮ, ಕೆಂಚವ್ವ. ಮೊದಲನೆಯದು ತಾಯಿ ಮಗಳನ್ನು ಮುದ್ದಿನಿಂದ ಕರೆಯುವ ರೂಪ. ಒಡೆಯ ಆಳಿನ ಹೆಂಡತಿಯನ್ನು ಕರೆಯುವ ರೂಪವೂ ಅದೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿಯ ಜೊತೆ ಓಡಿಹೋಗುವ ದಲಿತ ಹುಡುಗಿ ತಿಮ್ಮಿ. ಒಕ್ಕಲಿಗರ ಮನೆಯ ಹೆಂಗಸರಿಗೆ ಅಲ್ಲಿ ಅಮ್ಮ, ಅಕ್ಕ ಎಂಬ ಬಾಲವಿರುತ್ತದೆ. ಅದು ಮಲೆನಾಡಿನ ಕಥೆ, ಆದರೆ ರೀತಿ ಬಯಲುಸೀಮೆಯದೂ ಹೌದು. ಒಂದೇ ದೇವರ ಹೆಸರು ಯಾರ ಮನೆಯಲ್ಲಿ ಹುಟ್ಟಿತು ಎಂಬುದರ ಮೇಲೆ ತಿರುಮಲಾಂಬಾ, ತಿಮ್ಮಕ್ಕ, ತಿಮ್ಮಿ ಎಂದು ಮೂರು ಮೆಟ್ಟಿಲುಗಳಲ್ಲಿ ಕೂತಿತು. ಹೀಗಿರುವಾಗ ‘ಅಕ್ಕ’ ಬರಿಯ ಅಲಂಕಾರದ ಪ್ರತ್ಯಯವೆಂದು ಬಿಡುವಂತಿಲ್ಲ. ತೊಟ್ಟಿಲಲ್ಲಿರುವ ಕೂಸಿಗೆ ತಿಮ್ಮಕ್ಕ ಎಂದು ಹೆಸರಿಟ್ಟರೆ ಊರಿನ ಯಜಮಾನನೂ ಅವಳನ್ನು ಅಕ್ಕ ಎನ್ನದೆ ಕೂಗಲಾರ. ಹೆಸರೊಳಗೇ ಮರ್ಯಾದೆ ಹೊಲಿದುಬಿಟ್ಟಂತಾಯಿತು. ಕೂಗಬೇಕಾದವರು ಅದನ್ನು ಕಿತ್ತು ತಿಮ್ಮಿ ಎಂದು ಕೂಗಿದ್ದೂ ಉಂಟು ಎಂಬುದರಿಂದಲೇ ಆ ಹೊಲಿಗೆಯ ಬೆಲೆ ಗೊತ್ತಾಗುತ್ತದೆ.

ಅಕ್ಕ ಎಂಬ ಅಂತ್ಯ ತೆಲುಗಿನ ಪ್ರಭಾವ ಎಂಬ ಮಾತೂ ಇದೆ. ಪಾವಗಡದ ಮಟ್ಟಿಗೆ ಅದಕ್ಕೆ ಆಸ್ಪದವಿದೆ: ಸುತ್ತ ಮುಕ್ಕಾಲು ಪಾಲು ಆಂಧ್ರವೇ ಇರುವ, ಮನೆಮಾತು ಬಹುಕಡೆ ತೆಲುಗೇ ಆಗಿರುವ, ಹಾವಿನ ಬೆಟ್ಟ ಎಂಬರ್ಥದ ಪಾಮುಕೊಂಡದಿಂದ ಊರಿಗೇ ಹೆಸರು ಬಂದಿದೆ ಎನ್ನುವ ತಾಲ್ಲೂಕು ಅದು. ಆದರೆ ತೆಲುಗಿನ ನೆರಳು ಬೀಳದ ಕಡೆಯೂ ಕನ್ನಡ ಅಕ್ಕನನ್ನು ಹೆಸರಾಗಿ ಬಳಸಿದೆ. ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳಿದ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ, ಮುಂದಿನ ಶತಮಾನದ ಅಕ್ಕಮಹಾದೇವಿ ಇದ್ದಾರೆ. ಶಾಸನಗಳ ಅಬ್ಬೆ ಉತ್ತರದಲ್ಲಿ ಅವ್ವನಾಗಿ ಉಳಿಯಿತು, ದಕ್ಷಿಣದಲ್ಲಿ ಅಮ್ಮ ಮೇಲುಗೈ ಪಡೆಯಿತು, ಪೂರ್ವದ ಈ ಒಣಸೀಮೆಯಲ್ಲಿ ಅಮ್ಮನ ಜೊತೆ ಅಕ್ಕನೂ ಉಳಿದಳು. ತೆಲುಗು ಅವಳನ್ನು ಕರೆತರಲಿಲ್ಲ, ಇರಗೊಟ್ಟಿತು ಎನ್ನುವುದೇ ಸರಿ.

ನಾಲ್ಕು ತಾಲ್ಲೂಕುಗಳ ಹೆಣ್ಣು ಹೆಸರುಗಳೆಲ್ಲ ಈ ಒಂದೇ ಮೂಸೆಯವಲ್ಲ. ಮಧುಗಿರಿಯ ದಂಡಿನ ಮಾರಮ್ಮನಿಂದ ಮಾರಕ್ಕ, ಗೊರವನಹಳ್ಳಿಯ ಮಹಾಲಕ್ಷ್ಮಿಯಿಂದ ಲಕ್ಷ್ಮಮ್ಮ, ನಾಗಲಮಡಿಕೆಯ ಸುಬ್ರಹ್ಮಣ್ಯನಿಂದ ನಾಗಮ್ಮ ಬರುವಾಗ ದೂರದ ಬೆಟ್ಟದ ಪ್ರಸ್ತಾಪವಿಲ್ಲ. ಮೊಗಲರ ಸುಬಾದ ಮುಖ್ಯಪಟ್ಟಣವಾಗಿದ್ದ ಶಿರಾದ ಮುಸ್ಲಿಂ ಮನೆಗಳ ಹೆಸರುಗಳಿಗೆ ಬೇರೆಯೇ ಇತಿಹಾಸವಿದೆ. ತಿಪ್ಪಕ್ಕ, ತಿಪ್ಪಮ್ಮ ಕಿವಿಗೆ ತಿಮ್ಮಕ್ಕನ ತಂಗಿಯರಂತೆ ಕೇಳಿದರೂ ನಂಟಿಲ್ಲ: ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಇಡುವ ಹೆಸರು ಒಂದು ಕಡೆ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿ ಇನ್ನೊಂದು ಕಡೆ. ಮೈಯ ಚೆಲುವಿನಿಂದ ಹುಟ್ಟಿದ ಹೆಸರು ಇಲ್ಲಿ ಅಪರೂಪ. ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಅಂಥದೊಂದು. ಹಿಮ್ಮಡಿ ಮುಟ್ಟುವ ಕೂದಲಿದ್ದ ರಾಣಿಯೊಬ್ಬಳು ಗಂಡನ ಚಿತೆಯೇರಿದಳೆಂದೂ ಅವಳಿಂದ ಊರಿಗೆ, ಬೆಟ್ಟದ ಕೋಟೆಗೆ ಆ ಹೆಸರು ಬಂತೆಂದೂ ಸ್ಥಳಪುರಾಣ ಹೇಳುತ್ತದೆ. ತಿಮ್ಮಕ್ಕನಲ್ಲಿ ಬೆಟ್ಟ ಹೆಣ್ಣಾಯಿತು, ಮಿಡಿಗೇಶಿಯಲ್ಲಿ ಹೆಣ್ಣು ಬೆಟ್ಟವಾದಳು. ಆದರೆ ಆ ಹೆಸರು ಊರಿಗೇ ನಿಂತಿತು, ಮನೆಮನೆಯ ತೊಟ್ಟಿಲಿಗೆ ಬರಲಿಲ್ಲ. ಚಿತೆಯೇರಿದವಳ ಹೆಸರನ್ನು ಪೂಜಿಸುತ್ತಾರೆ, ಮಗಳಿಗೆ ಇಡಲು ಅಂಜುತ್ತಾರೆ ಎನ್ನೋಣವೆಂದರೆ ಪಕ್ಕದಲ್ಲೇ ಇದಿರು ಉದಾಹರಣೆಯಿದೆ. ಕದಿರಿಯ ಬಳಿಯ ತಿಮ್ಮಮ್ಮ ಮರ್ರಿಮಾನು ಐದು ಎಕರೆಯಷ್ಟು ಹಬ್ಬಿದ ಆಲದ ಮರ. 1989ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಹದಿನೈದನೆಯ ಶತಮಾನದಲ್ಲಿ ತಿಮ್ಮಮ್ಮ ಎಂಬಾಕೆ ಸಹಗಮನ ಮಾಡಿದ ಕಡೆ, ಚಿತೆಯ ಕಂಬವೇ ಚಿಗುರಿ ಆ ಮರವಾಯಿತೆಂಬುದು ನಂಬಿಕೆ. ತಿಮ್ಮಮ್ಮ ಎಂಬ ಹೆಸರು ಅದರಿಂದ ನಿಲ್ಲಲಿಲ್ಲ. ದೇವರ ಹೆಸರಿಗೆ ಮೊದಲೇ ಇದ್ದ ಬಳಕೆ ಅದನ್ನು ಕಾಯಿತು. ಮಿಡಿಗೇಶಿಗೆ ಆ ಆಸರೆ ಇರಲಿಲ್ಲ.

ಇತ್ತೀಚಿನ ಕಾಲದಲ್ಲಿ ಈ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದವರು ಸಾಲುಮರದ ತಿಮ್ಮಕ್ಕ. ಹುಟ್ಟಿದ್ದು ಇದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ, ಬಾಳಿದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಗಂಡ ಚಿಕ್ಕಯ್ಯನವರೊಡನೆ ಅವರು ಬೆಳೆಸಿದ್ದೂ ಆಲದ ಮರಗಳನ್ನೇ, 385ರಷ್ಟು. 2019ರಲ್ಲಿ ಪದ್ಮಶ್ರೀ ಬಂತು, 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಹೆಸರಿನ ಚರಿತ್ರೆಗೆ ಇಲ್ಲಿ ಮುಖ್ಯವಾದದ್ದು ‘ಸಾಲುಮರದ’ ಎಂಬ ಮುಂಪದ. ಒಂದೇ ಊರಿನಲ್ಲಿ ನಾಲ್ಕು ತಿಮ್ಮಕ್ಕಂದಿರಿದ್ದರೆ ದೊಡ್ಡ ತಿಮ್ಮಕ್ಕ, ಕೆಂಪು ತಿಮ್ಮಕ್ಕ, ಬಾವಿಮನೆ ತಿಮ್ಮಕ್ಕ ಎಂದು ಗುರುತು ಹಚ್ಚುವುದು ಹಳ್ಳಿಯ ರೂಢಿ. ಅದೇ ರೂಢಿ ಇಲ್ಲಿ ಬಿರುದಾಗಿ, ಗಂಡನ ಹೆಸರೂ ಇನಿಷಿಯಲ್ಲೂ ಇರಬೇಕಾದ ಜಾಗವನ್ನು ಅವರು ಮಾಡಿದ ಕೆಲಸ ಹಿಡಿಯಿತು.

ಇಷ್ಟು ಪ್ರಸಿದ್ಧಿ ಬಂದರೂ ಹೊಸ ಕೂಸುಗಳಿಗೆ ಈ ಹೆಸರು ಬೀಳುವುದು ಕಡಿಮೆಯಾಗಿದೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವ ಪದ್ಧತಿಯಿಂದ ಅದು ತಲೆಮಾರು ದಾಟುತ್ತಿತ್ತು. ಅತ್ತೆಯ ಹೆಸರು ಹಿಡಿದು ಸೊಸೆ ಕೂಗುವಂತಿಲ್ಲವಾದ್ದರಿಂದ ಆ ಮಗು ಮನೆಯಲ್ಲಿ ಪುಟ್ಟಮ್ಮ ಎಂದೋ ಅಜ್ಜಮ್ಮ ಎಂದೋ ಆಗುತ್ತಿತ್ತು, ತಿಮ್ಮಕ್ಕ ಎಂಬುದು ಕಾಗದದಲ್ಲಿ ಉಳಿಯುತ್ತಿತ್ತು. ಈಗ ಶಾಲೆಗೆ ಸೇರಿಸುವಾಗ ಬೇರೆ ಹೆಸರು ಬರೆಸುತ್ತಾರೆ. ಮನೆದೇವರ ಋಣ ತೀರಿಸಲು ತಿರುಮಲಾ, ವೆಂಕಟಲಕ್ಷ್ಮಿ, ಶ್ರೀನಿಧಿ ಎಂಬಂಥವು ಸಾಕಾಗುತ್ತವೆ. ಹಳೆಯ ತಲೆಮಾರಿನಲ್ಲಿ ಮಾತ್ರ ಹೆಸರಿನ ಸಡಿಲ ಅಂತ್ಯ ಇಂದಿಗೂ ತೊಡಕು ಕೊಡುತ್ತಿದೆ. ಚಿಕ್ಕವರು ಅಕ್ಕ ಎಂದರು, ಮಕ್ಕಳ ವಾರಿಗೆಯವರು ಅಮ್ಮ ಎಂದರು. ಬಾಯಲ್ಲಿ ಎರಡೂ ಸಲೀಸು. ಪಹಣಿಯಲ್ಲಿ ‘ತಿಮ್ಮಕ್ಕ ಕೋಂ’ ಎಂದು ಗಂಡನ ಹೆಸರಿನೊಡನೆ ಇರುವವಳು ಪಡಿತರ ಚೀಟಿಯಲ್ಲಿ ತಿಮ್ಮಮ್ಮ ಆಗಿರುತ್ತಾಳೆ, ಆಧಾರ್‌ನಲ್ಲಿ ಮತ್ತೆ ಬೇರೆ ಕಾಗುಣಿತ. ಅವಳು ತೀರಿಕೊಂಡು ಮಕ್ಕಳು ಪೌತಿ ಖಾತೆಗೆಂದು ನಾಡಕಚೇರಿಗೆ ಹೋದಾಗ ವಂಶವೃಕ್ಷದ ತಿಮ್ಮಮ್ಮನೂ ಪಹಣಿಯ ತಿಮ್ಮಕ್ಕನೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಿ ತರಬೇಕಾಗುತ್ತದೆ.